ಕೊನೆಯ ಅಕ್ಷರ ಅಳಿಸಿದ ಡಯಲ್

ನಿಪ್ಪಾಣಿಯ ಹಳೆಯ ತಂಬಾಕು ವಖಾರಿಗಳ ಹಿಂದೆ ಒಂದು ಓಣಿ ಇದೆ. ಅಲ್ಲಿ ಬಳೆ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಸಿಕ್ಕಿಕೊಂಡಂತೆ ಒಂದು ಗಡಿಯಾರದ ಅಂಗಡಿ. ಅದನ್ನು ನಡೆಸುವವಳು ವಾಜಿದಾ, ನಲವತ್ತೇಳರ ಹೆಂಗಸು. ಓಣಿಯವರ ಪಾಲಿಗೆ ಆಕೆ ಸೆಲ್ಲು ಹಾಕುವವಳು, ಪಟ್ಟಿ ಬದಲಿಸುವವಳು, ಅಷ್ಟೆ. ಆದರೆ ಕೊಲ್ಹಾಪುರ, ಪುಣೆ, ಮುಂಬಯಿಗಳಲ್ಲಿ ಹಳೆಯ ದುಬಾರಿ ಕೈಗಡಿಯಾರ ಸಂಗ್ರಹಿಸುವ ನಲವತ್ತೈವತ್ತು ಮಂದಿ ಇದ್ದಾರೆ. ಅವರು ಗಡಿಯಾರ ಕೊಳ್ಳುವ ಮೊದಲು 'ನಿಪ್ಪಾಣಿ ಬಾಯಿಗೆ ತೋರಿಸಿದ್ರೇನು?' ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ.

ತೋರಿಸುವುದು ಯಾಕೆಂದರೆ, ಒಂದೇ ಹೆಸರಿನ ಗಡಿಯಾರಗಳೆಲ್ಲ ಒಂದೇ ಅಲ್ಲ. ಕಂಪನಿಯವರು ಪ್ರತಿ ಮಾದರಿಗೂ ಒಂದು ನಂಬರು ಕೊಡುತ್ತಾರೆ, ಅದಕ್ಕೆ ರೆಫರೆನ್ಸ್ ಎನ್ನುತ್ತಾರೆ. ಆ ಒಂದೇ ನಂಬರಿನ ಗಡಿಯಾರವನ್ನು ಹತ್ತು ಹದಿನೈದು ವರ್ಷ ತಯಾರಿಸುವಾಗ ನಡುನಡುವೆ ಸದ್ದಿಲ್ಲದೆ ಏನಾದರೂ ಬದಲಿಸಿರುತ್ತಾರೆ. ಮುಳ್ಳು ಎಲೆಯಂತಿದ್ದದ್ದು ಕಡ್ಡಿಯಂತಾಗುತ್ತದೆ, ಡಯಲ್ಲಿನ ಮೇಲೆ ಕಂಪನಿಯ ಹೆಸರಿನ ಮೊದಲ ಅಕ್ಷರದ ಬಾಲ ಗಿಡ್ಡವಾಗುತ್ತದೆ. ಸಂಗ್ರಹಕಾರರಿಗೆ ಆ ಬಾಲವೇ ಮುಖ್ಯ. ಮೊದಲ ವರ್ಷಗಳ ಗಡಿಯಾರಕ್ಕೂ ಕೊನೆಯ ವರ್ಷಗಳದಕ್ಕೂ ಬೆಲೆಯಲ್ಲಿ ಮೂರು ಪಟ್ಟು ಅಂತರ ಇರಬಹುದು. ಅದಕ್ಕಿಂತ ಮುಖ್ಯವಾದದ್ದು, ಗಡಿಯಾರದ ಕೇಸು, ಡಯಲ್, ಮುಳ್ಳು, ಒಳಗಿನ ಯಂತ್ರ ಎಲ್ಲ ಹುಟ್ಟಿನಿಂದ ಜೊತೆಗಿದ್ದವೇ, ಇಲ್ಲ ಯಾರೋ ಅಲ್ಲಿಂದ ಒಂದು ಇಲ್ಲಿಂದ ಒಂದು ತಂದು ಜೋಡಿಸಿದ್ದಾರೆಯೇ ಎಂಬುದು. ವಾಜಿದಾ ನೋಡಿ ಹೇಳುವುದು ಇದನ್ನೇ. ಹೇಳಿ, ಒಂದು ಹಾಳೆಯ ಮೇಲೆ ಬರೆದು, ಸಹಿ ಮಾಡಿ ಕೊಡುತ್ತಾಳೆ. ಹನ್ನೆರಡು ವರ್ಷಗಳಲ್ಲಿ ಆಕೆಯ ಒಂದು ಹಾಳೆಯೂ ತಪ್ಪೆಂದು ತಿರುಗಿ ಬಂದಿರಲಿಲ್ಲ.

ಈ ವಿದ್ಯೆಯನ್ನು ಆಕೆಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಅಂಗಡಿ ಅಪ್ಪ ಅಲ್ಲಾಬಕ್ಷನದು. ತಂಬಾಕಿನ ವ್ಯಾಪಾರ ಮೆರೆಯುತ್ತಿದ್ದ ಕಾಲದಲ್ಲಿ ಇಲ್ಲಿನ ಸಾಹುಕಾರರು, ಚಿಕ್ಕೋಡಿ ಅಥಣಿ ಕಡೆಯ ದೊಡ್ಡ ಒಕ್ಕಲಿನವರು ಮುಂಬಯಿಗೆ ಹೋದಾಗ ಸ್ವಿಸ್ ಗಡಿಯಾರ ಕೊಂಡು ಬರುತ್ತಿದ್ದರು. ಕೆಟ್ಟರೆ ಅಲ್ಲಾಬಕ್ಷನ ಕೈಗೇ ಕೊಡುತ್ತಿದ್ದರು. ಚೀಟಿಯಿಲ್ಲ, ಸಹಿಯಿಲ್ಲ. 'ಅಲ್ಲಾಬಕ್ಷನ ಕಡೆ ಐತಿ' ಎಂದರೆ ತಿಜೋರಿಯಲ್ಲಿದೆ ಎಂದೇ ಅರ್ಥ. ಹತ್ತನೆಯ ಇಯತ್ತೆ ಮುಗಿಸಿ ಮನೆಯಲ್ಲಿದ್ದ ವಾಜಿದಾ ಮಧ್ಯಾಹ್ನ ಅಪ್ಪನಿಗೆ ಬುತ್ತಿ ತಂದವಳು ಅಲ್ಲೇ ಕೂತು ಬಿಚ್ಚಿಟ್ಟ ಡಯಲ್ಲುಗಳನ್ನು ನೋಡುತ್ತಿದ್ದಳು. ಎರಡು ಗಡಿಯಾರ ಒಂದೇ ಥರ ಇವೆ ಎಂದು ಅಪ್ಪ ಹೇಳಿದರೆ, ಇಲ್ಲ, ಈ ಆರರ ಹೊಟ್ಟೆ ದೊಡ್ಡದು, ಆ ಆರರ ಹೊಟ್ಟೆ ಸಣ್ಣದು ಎನ್ನುತ್ತಿದ್ದಳು. ಅಪ್ಪ ನಗುತ್ತಿದ್ದ. ಮದುವೆಯಾಗಿ, ಗಂಡ ಶಾಕೀರ ಶಾಲೆಯ ವ್ಯಾನು ಓಡಿಸುವ ಕೆಲಸ ಹಿಡಿದು ಇದೇ ಊರಲ್ಲಿ ನೆಲೆ ನಿಂತ ಮೇಲೆ, ಅಪ್ಪನ ಕಣ್ಣಿಗೆ ಪೊರೆ ಬಂತು. ಅಂಗಡಿ ಮಗಳ ಕೈಗೆ ಬಂತು. ಆಕೆ ಕಂಡ ಪ್ರತಿ ಗಡಿಯಾರದ ಫೋಟೋ ತೆಗೆದು, ವ್ಯತ್ಯಾಸಗಳನ್ನು ನೋಟುಬುಕ್ಕಿನಲ್ಲಿ ಬರೆದಿಟ್ಟಳು. ಈಗ ಅಂಥ ಹತ್ತೊಂಬತ್ತು ನೋಟುಬುಕ್ಕುಗಳಿವೆ.

ಕಳೆದ ಫೆಬ್ರವರಿಯ ಒಂದು ಸೋಮವಾರ ಶೇಡಬಾಳದಿಂದ ಬ್ರಾಹ್ಮಿ ಎಂಬ ಹುಡುಗಿ ಬಂದಳು. ಉಗಾರ ಖುರ್ದದ ಶಾಲೆಯೊಂದರಲ್ಲಿ ಗಣಿತ ಹೇಳುವ ಶಿಕ್ಷಕಿ. ಕರವಸ್ತ್ರದಲ್ಲಿ ಸುತ್ತಿದ್ದ ಬಂಗಾರದ ಗಡಿಯಾರವನ್ನು ಮೇಜಿನ ಮೇಲಿಟ್ಟಳು.

"ನಮ್ಮ ಅಜ್ಜಂದ್ರಿ. ರಾವಸಾಹೇಬ ಅಂತ ಅವರ ಹೆಸರು. ಅವರು ಹೋಗಿ ಒಂಬತ್ತ ವರ್ಷ ಆತು. ಕಾಕಾಗೋಳು ಇಬ್ರೂ ನನಗ ಬೇಕು, ನನಗ ಬೇಕು ಅಂತ ಮಾತು ಬಿಟ್ಟಾರ. ಆಯಿ ಬ್ಯಾಸತ್ತು, ಯಾರಿಗೂ ಬ್ಯಾಡ, ಮಾರಿ ಆ ರೊಕ್ಕ ಹೆಣ್ಣುಹುಡುಗ್ಯಾರ ಹಾಸ್ಟೆಲ್ಲಿಗೆ ಕೊಡೂಣು ಅಂದಾಳ."

"ಯಾರು ತಗೊಳ್ಳಾಕತ್ತಾರ?"

"ಕೊಲ್ಹಾಪುರದ ವಿಶಾಲ ಮಗದುಮ್ಮ ಅನ್ನಾವ್ರು. ನಿಮ್ಮ ಕಾಗದ ಇದ್ರ ತಗೋತೇನಿ ಅಂದಾರ್ರಿ. ಶನಿವಾರ ಇಲ್ಲಿಗೇ ಬರ್ತಾರಂತ."

ವಿಶಾಲ ವಾಜಿದಾಳಿಗೆ ಹಳಬ. ಎರಕದ ಕಾರ್ಖಾನೆಯ ಮಾಲೀಕ. ಆಕೆಯ ಹೆಸರನ್ನು ನಾಲ್ಕು ಊರಿಗೆ ಹಬ್ಬಿಸಿದವನೇ ಅವನು. ಆಕೆ ಗಡಿಯಾರ ಇಟ್ಟುಕೊಂಡು ಚೀಟಿ ಬರೆದುಕೊಟ್ಟು ಹುಡುಗಿಯನ್ನು ಕಳಿಸಿದಳು.

ಮೊಂಟಾವಲ್ ಕಂಪನಿಯ 2417 ನಂಬರಿನ ಗಡಿಯಾರ ಅದು. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನೋಡಿದಳು. ಹಿಂಬದಿಯ ಕ್ರಮಸಂಖ್ಯೆ ಅರವತ್ತೊಂದನೆಯ ಇಸವಿಯದು, ಅಂದರೆ ಮೊದಲ ಸರಣಿ. ಆ ಸರಣಿಯ ಡಯಲ್ಲಿನ ಅಡಿಯಲ್ಲಿ 'ಸ್ವಿಸ್' ಎಂಬ ಒಂದೇ ಇಂಗ್ಲಿಷ್ ಪದ ಇರಬೇಕು. ಇದರಲ್ಲಿ ಆ ಪದದ ಆಚೆ ಈಚೆ ಇರುವೆ ಗಾತ್ರದ ಎರಡು 'ಟಿ' ಅಕ್ಷರಗಳಿದ್ದವು. ಕತ್ತಲಲ್ಲಿ ಹೊಳೆಯುವ ಬಣ್ಣ ಬದಲಾದ ಮೇಲೆ, ನಾಲ್ಕಾರು ವರ್ಷ ತಡವಾಗಿ ಬಂದ ಗುರುತು ಅದು. ಡಯಲ್ ಕಂಪನಿಯದೇ, ಖೋಟಾ ಅಲ್ಲ. ಆದರೆ ಈ ಗಡಿಯಾರದ್ದಲ್ಲ. ಎಂದೋ ಯಾರೋ ಬದಲಿಸಿದ್ದಾರೆ.

ಅದೇನು ಅಪರೂಪವಲ್ಲ. ಆಕೆ ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆದಳು. ರಿಪೇರಿ ಮಾಡಿದವರು ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಮ್ಮ ಗುರುತು ಗೀರಿ ತಾರೀಖು ಹಾಕುವುದು ವಾಡಿಕೆ. ಒಳಗೆ ಮೂರು ಗುರುತುಗಳಿದ್ದವು. ಮೂರೂ ಒಂದೇ ಕೈಯವು. ಕೊನೆಯದು 'ಎ.ಬಿ. 11-84'.

ಎ.ಬಿ. ಎಂದರೆ ಅಪ್ಪ.

ವಾಜಿದಾ ಗಾಜು ತೆಗೆದಿಟ್ಟಳು. ಅಪ್ಪ ಡಯಲ್ ಬದಲಿಸಿದ್ದರೆ ಹಳೆಯದು ಎಲ್ಲಿ ಹೋಯಿತು? ಮೊದಲ ಸರಣಿಯ 2417ರ ಡಯಲ್ಲು ಇಂದು ಒಂಟಿಯಾಗಿ ಸಿಕ್ಕರೂ ಜನ ಮುಗಿಬೀಳುತ್ತಾರೆ. ಬ್ರಾಹ್ಮಿ ನಾಳೆ ಬಂದು, ನಮ್ಮ ಅಜ್ಜನ ಡಯಲ್ ಎಲ್ಲಿ ಎಂದು ಕೇಳಿದರೆ ಏನು ಹೇಳುವುದು? ಆಕೆ ಮುಚ್ಚಳ ಮುಚ್ಚಿದಳು.

ಮಂಗಳವಾರ ಮುಂಜಾನೆ ಅಪ್ಪನ ಮನೆಗೆ ಹೋದಳು. ಎಂಬತ್ತೆರಡರ ಅಲ್ಲಾಬಕ್ಷ ಅಂಗಳದ ಬಿಸಿಲಲ್ಲಿ ಕೂತು ಚಹಾಕ್ಕೆ ಖಾರಿ ಅದ್ದಿ ತಿನ್ನುತ್ತಿದ್ದ. ಒಂದು ಕಿವಿ ಕೇಳದು. ಆಕೆ ಕೇಳುವ ಕಿವಿಯ ಬದಿಗೆ ಕೂತಳು.

"ಅಬ್ಬಾ, ಶೇಡಬಾಳದ ರಾವಸಾಹೇಬರ ಗಡಿಯಾರ ನೆನಪೈತೇನು?"

"ನೆನಪಿರದೇನು ಬೇ. ಬಂಗಾರದ್ದು. ಫ್ಯಾಕ್ಟರಿ ಸೀಸನ್ ಚಾಲೂ ಆದ ಕೂಡ್ಲೆ ತರಾಂವ. ಕಬ್ಬಿನ ಗಾಡಿ ಪಾಳಿ ನೋಡಾಕ ಅದನ್ನ ಕಟ್ಕೊಂಡು ಹೋಗಾಂವ, ಧೂಳು ತುಂಬಿಸ್ಕೊಂಡು ಬರಾಂವ."

"ಅದರ ಡಯಲ್ಲು ನೀವು ಬದಲಿ ಮಾಡೀರಿ?"

ಅಪ್ಪ ಖಾರಿಯನ್ನು ತಟ್ಟೆಗಿಟ್ಟ. "ಮಾಡಬೇಕಾತು. ಕತ್ತಲಾಗ ಹೊಳಿಯೂ ಹಸರ ಬಣ್ಣ ಪುಡಿ ಪುಡಿಯಾಗಿ ಉದುರಿ ಮಷೀನಿನೊಳಗ ಬೀಳತಿತ್ತು. ಗಡಿಯಾರ ನಿಂತು ನಿಂತು ಹೋಗೂದು. ಮುಂಬಯಿಗೆ ಬರದು ಹೊಸಾದು ತರಿಸಿದೆ. ಹಳೇದು ಹಂಗೂ ಕೆಟ್ಟಿತ್ತು, ನಾನ ಕೆಡಸಿದ್ದೆ."

"ಕೆಡಸಿದ್ರಿ ಅಂದ್ರ?"

"ಎಪ್ಪತ್ತೊಂಬತ್ತರಾಗ ತೊಳಿಯೂ ಮುಂದ ಹಸಿ ಹತ್ತಿ ತಾಗಿಸಿಬಿಟ್ಟೆ. ತೆಳಗ 'ಸ್ವಿಸ್' ಅಂತ ಇರತೈತಲ್ಲ, ಅದರ ಕಡೀ ಅಕ್ಷರ ಹೋತು. ನನಗ ಎರಡು ದಿವಸ ಊಟ ಸೇರಲಿಲ್ಲ. ರಾವಸಾಹೇಬ ನೋಡಿದ, ಟೈಮು ಬರೋಬರ್ ತೋರಸತೈತಿಲ್ಲ, ಸಾಕು ಬಿಡು ಅಂದ. ದೊಡ್ಡ ಮನಿಷಾ."

ಕೊನೆಯ ಅಕ್ಷರ ಹೋದ ಡಯಲ್ಲನ್ನು ವಾಜಿದಾ ಕಂಡಿದ್ದಳು. ಎಲ್ಲಿ ಎಂಬುದೂ ಕೂಡಲೇ ನೆನಪಾಯಿತು. ಆದರೂ ನೆನಪು ಸುಳ್ಳಾಗಿರಲಿ ಎಂದುಕೊಂಡಳು.

"ಆ ಹಳೇ ಡಯಲ್ಲು ಏನ್ಮಾಡಿದ್ರಿ?"

"ಅವ ಕಸಕ್ಕ ಒಗಿ ಅಂದ. ನಾ ಯಾವದೂ ಒಗೀತಿರಲಿಲ್ಲ, ಪೇಪರಮಿಂಟಿನ ಡಬ್ಬಿಯೊಳಗ ಹಾಕಿಟ್ಟೆ. ಆಮ್ಯಾಲ ಮುಂಬಯಿಂದ ಒಬ್ಬಾಂವ ಬಂದಿದ್ದ ನೋಡು, ನಿನ್ನ ಲಗ್ನ ಆದ ವರ್ಷ. ಹಳೇ ಡಯಲ್ಲು ಎಲ್ಲಾ ಕೊಡ್ರಿ, ತೂಕದ ಮ್ಯಾಲ ತಗೋತೇನಿ ಅಂದ. ಡಬ್ಬಿಗೆ ಡಬ್ಬಿನ ಕೊಟ್ಟೆ. ಕಸ ಅಂತ ತಿಳದಿದ್ದೆ ಬೇ. ಆಗ ಯಾರಿಗೆ ಗೊತ್ತಿತ್ತು?"

ಆಕೆ ಅಂಗಡಿಗೆ ಓಡಿದಂತೆಯೇ ನಡೆದಳು. ಹದಿನಾಲ್ಕನೆಯ ನೋಟುಬುಕ್ಕು. 2019ರ ನವೆಂಬರ್. ವಿಶಾಲ ಮಗದುಮ್ಮ ಮುಂಬಯಿಯಲ್ಲಿ ಕೊಂಡು ತಂದಿದ್ದ 2417, ಮೊದಲ ಸರಣಿ. ಅಂಟಿಸಿದ ಫೋಟೋದ ಕೆಳಗೆ ಆಕೆಯದೇ ಕೈಬರಹ: 'ಹೊಳೆಯುವ ಬಣ್ಣ ಉದುರಿದೆ, ಕೆಳಗಿನ ಪದದ ಕೊನೆಯ ಅಕ್ಷರ ವಯಸ್ಸಿನಿಂದ ಮಾಸಿದೆ. ಉಳಿದಂತೆ ಡಯಲ್, ಮುಳ್ಳು, ಕೇಸು, ಯಂತ್ರ ಎಲ್ಲ ಹುಟ್ಟಿನಿಂದ ಜೊತೆಗಿರುವವು.'

ಫೋಟೋಗೆ ಗಾಜು ಹಿಡಿದಳು. ಅಕ್ಷರ ವಯಸ್ಸಿಗೆ ಮಾಸಿದರೆ ಪದವೆಲ್ಲ ಮಾಸುತ್ತದೆ, ಒಂದೇ ಅಕ್ಷರವಲ್ಲ. ಉಳಿದವು ಕಾಡಿಗೆಯಂತೆ ಕಪ್ಪಗಿದ್ದವು. ಕೊನೆಯದರ ಜಾಗದಲ್ಲಿ ಬಲಕ್ಕೆ ಎಳೆದ ತೆಳು ಕಲೆ. ಒದ್ದೆ ಹತ್ತಿ ಎಳೆದ ಗುರುತು. ಐದು ವರ್ಷದ ಹಿಂದೆ ಇದು ತನಗೆ ಕಾಣಲಿಲ್ಲವೇ, ಇಲ್ಲ ಕಂಡೂ ನೋಡಲಿಲ್ಲವೇ? ಆ ದಿನ ವಿಶಾಲ ಅವಸರದಲ್ಲಿದ್ದ. ಡಯಲ್ ಬಿಚ್ಚಬೇಡ್ರಿ, ಹಳೇದು, ಸೀಳಿದರೆ ಹೋಯಿತು ಎಂದಿದ್ದ. ಆಕೆಯೂ ಬಿಚ್ಚದೆ, ಮುಂದಿನಿಂದಲೂ ಹಿಂದಿನಿಂದಲೂ ನೋಡಿ ಬರೆದುಕೊಟ್ಟಿದ್ದಳು. ಆ ಗಡಿಯಾರ ಯಾರೋ ಜೋಡಿಸಿದ್ದು. ಬೇರೊಂದು ಕೇಸಿಗೆ ರಾವಸಾಹೇಬರ ಡಯಲ್ಲು ಕೂಡಿಸಿದ್ದು. ಆ ಜೋಡಣೆಗೆ ಮುದ್ರೆ ಹಾಕಿದವಳು ಆಕೆ.

ಅಷ್ಟರಲ್ಲೇ ಫೋನು ಗುನುಗಿತು. ವಿಶಾಲನದೇ.

"ಅಕ್ಕಾರ, ಶೇಡಬಾಳದ್ದು ನೋಡಿದ್ರೇನು?"

"ನೋಡಾಕತ್ತೇನ್ರಿ."

"ನೋಡ್ರಿ ಸಾವಕಾಶ. ಮತ್ತ, ನನ್ನ 2417 ಐತಲ್ಲ, ಅದನ್ನ ಬರೂ ತಿಂಗಳು ದುಬೈದಾಗ ಲಿಲಾವಿಗೆ ಕಳಸಾಕತ್ತೇನಿ. ನಿಮ್ಮ ಕಾಗದ ಇಂಗ್ಲೀಷ್ ಮಾಡಿ ಹಚ್ಚಿದ್ದೇನಿ. ನಿಪ್ಪಾಣಿ ಹೆಸರು ದುಬೈಗೆ ಹೊಂಟತಿ ನೋಡ್ರಿ."

ಆಕೆ ಏನೋ ಹೇಳಿ ಫೋನು ಇಟ್ಟಳು. ದುಬೈಯ ಹರಾಜಿನವರು ಬಿಚ್ಚದೆ ಬಿಡುವುದಿಲ್ಲ. ಬಿಚ್ಚಿದರೆ ಡಯಲ್ಲಿನ ಬೆನ್ನು ಕಾಣುತ್ತದೆ. ಅಪ್ಪ ಗಿರಾಕಿಗಳ ಡಯಲ್ಲು ಅದಲುಬದಲಾಗದಂತೆ ಬೆನ್ನಿಗೆ ಅವರ ಹೆಸರಿನ ಮೊದಲಕ್ಷರ, ಇಸವಿ ಗೀರುತ್ತಿದ್ದ. ಬೇರೆಯವರಿಗೆ ಆ ಗೀರಿನ ಅರ್ಥ ಆಗಲಿಕ್ಕಿಲ್ಲ. ಆಗಲೂಬಹುದು. ವಿಶಾಲನ ಕೇಸಿನೊಳಗಿಲ್ಲದ ಇಸವಿ ಡಯಲ್ಲಿನ ಬೆನ್ನಿಗೆ ಹೇಗೆ ಬಂತು ಎಂದು ಯಾರಾದರೂ ಕೇಳಿದರೆ ಮುಗಿಯಿತು.

ಸುಮ್ಮನಿರುವ ದಾರಿಯೂ ಇತ್ತು. ಶೇಡಬಾಳದ ಗಡಿಯಾರಕ್ಕೆ 'ಡಯಲ್ ನಂತರದ್ದು' ಎಂದು ಬರೆದರೆ ಅದು ಸತ್ಯವೇ. ಇನ್ನೊಂದರ ಮಾತು ಎತ್ತದಿದ್ದರೆ ಯಾರೂ ಕೇಳುವುದಿಲ್ಲ. ಬುಧವಾರವಿಡೀ ಆಕೆ ಈ ದಾರಿಯನ್ನು ಹಿಡಿಯುವುದು ಬಿಡುವುದು ಮಾಡಿದಳು. ಒಂದು ಸೆಲ್ಲನ್ನು ತಿರುವುಮುರುವಾಗಿ ಹಾಕಿ ಕಳಿಸಿದಳು. ಗಿರಾಕಿ ತಿರುಗಿ ಬಂದ. ಮನೆಯಲ್ಲಿ ಹಾಲು ಉಕ್ಕಿ ಒಲೆಯ ತುಂಬ ಹರಿದರೂ ಅಲ್ಲೇ ನಿಂತವಳಿಗೆ ಕಾಣಲಿಲ್ಲ. ಶಾಕೀರ ಬಂದು ಗ್ಯಾಸು ಬಂದ್ ಮಾಡಿದ.

"ಏನಾಗೇತಿ ನಿನಗ?"

ಆಕೆ ಎಲ್ಲವನ್ನೂ ಹೇಳಿದಳು. ಅವನು ಗಡಿಯಾರದ ಮಂದಿಯಲ್ಲ. ಕೇಳಿ, ತಲೆ ಕೆರೆದುಕೊಂಡು ಹೇಳಿದ, "ನಿನ್ನ ತಪ್ಪಂದ್ರ ಹೇಳಿಬಿಡು ಅಂತಿದ್ದೆ. ಆದರ ಇದರಾಗ ಅಬ್ಬಾ ಬರತಾರ. ಗಿರಾಕಿ ಡಯಲ್ಲು ಮಾರಿದ ಅಂತ ಮಂದಿ ಅಂದ್ರ?"

ಆಕೆಯನ್ನು ತಡೆದಿದ್ದೂ ಅದೇ. ತನ್ನ ಕಾಗದ ತಪ್ಪೆಂದು ಹೇಳಬೇಕಾದರೆ ಅದು ಹೇಗೆ ಗೊತ್ತಾಯಿತೆಂದೂ ಹೇಳಬೇಕು. ಅದನ್ನು ಹೇಳಿದರೆ ಪೇಪರಮಿಂಟಿನ ಡಬ್ಬಿಯ ಮಾತು ಬರುತ್ತದೆ. ರಾವಸಾಹೇಬ ನಿಜವಾಗಿ 'ಒಗಿ' ಎಂದಿದ್ದರೋ, ಇಲ್ಲ ಅಪ್ಪ ಕೊಡುವುದನ್ನೇ ಮರೆತು ಇಟ್ಟುಕೊಂಡಿದ್ದನೋ? ನಲವತ್ತು ವರ್ಷದ ಹಿಂದಿನ ಮಾತು. ಅಪ್ಪನನ್ನು ಅನುಮಾನಿಸುತ್ತಿದ್ದೇನೆಂದು ಅರಿವಾದಾಗ ಆಕೆಗೆ ತನ್ನ ಮೇಲೇ ಹೇಸಿಕೆಯಾಯಿತು. ಆದರೆ ಅನುಮಾನ ಹೋಗಲಿಲ್ಲ.

ಗುರುವಾರ ಅಂಗಡಿಗೆ ಬಾಗಿಲು ಹಾಕಿ ಶೇಡಬಾಳಕ್ಕೆ ಹೊರಟಳು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಕೃಷ್ಣೆಯ ಸೇತುವೆ ದಾಟಿ, ಕಾಗವಾಡದಲ್ಲಿ ಮತ್ತೆ ಇಳಿದು ಹತ್ತಿದಳು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದರ ಹಿಂದೆ ಬಸ್ಸು ಆಮೆಯಂತೆ ತೆವಳುವಾಗಲೂ, ಇನ್ನಷ್ಟು ತಡವಾಗಲಿ ಎಂದೇ ಆಕೆಗೆ ಅನಿಸುತ್ತಿತ್ತು.

ಬ್ರಾಹ್ಮಿ 'ಆಯಿ' ಎಂದಿದ್ದ ಅಜ್ಜಿ ಕಾಶಿಬಾಯಿ, ರಾವಸಾಹೇಬರ ಹೆಂಡತಿ, ಎಪ್ಪತ್ತೊಂಬತ್ತರ ಬಿಳಿಸೀರೆಯ ಮುದುಕಿ. ಜೈನರ ಮನೆಯ ರೂಢಿಯಂತೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಬೇಕೆಂದು ಸೊಪ್ಪು ಸೋಸುತ್ತ ಕೂತಿದ್ದಳು. ಅಲ್ಲಾಬಕ್ಷನ ಮಗಳೆಂದ ಕೂಡಲೇ ಚಾಪೆ ಹಾಸಿಸಿ, ನೀರು ಬೆಲ್ಲ ತರಿಸಿದಳು. ಆ ಆದರಕ್ಕೆ ವಾಜಿದಾಳ ಸಂಕಟ ಇನ್ನೂ ಹೆಚ್ಚಿತು.

"ಆಯಿ, ಎಂಬತ್ನಾಕರಾಗ ಗಡಿಯಾರದ ಡಯಲ್ಲು ಬದಲಿ ಮಾಡಿದ್ರಲ್ಲ, ನೆನಪೈತೇನ್ರಿ?"

"ಐತಿ. ಹೊಸ ಮಾರಿ ಹಾಕ್ಸಕೊಂಡ ಬಂದೇನಿ ನೋಡು ಅಂತ ನನ್ನ ಮುಂದ ಹಿಡದಿದ್ರು."

"ಹಳೇದು ಮನೀಗೆ ತಂದಿದ್ರೇನ್ರಿ? ಇಲ್ಲಾ ಅಲ್ಲೇ ಬಿಟ್ಟು ಬಂದಿದ್ರೇನು?"

ಕಾಶಿಬಾಯಿ ಸೊಪ್ಪಿನ ಮೇಲೆ ಕೈಯಿಟ್ಟು ಯೋಚಿಸಿದಳು. "ಅದು ಗೊತ್ತಿಲ್ಲವಾ. ತಂದದ್ದು ನಾ ಕಂಡಿಲ್ಲ. ಬಿಟ್ಟು ಬಂದೆ ಅಂತ ಅವರೂ ಹೇಳಿಲ್ಲ. ಯಾಕ?"

ವಾಜಿದಾ ಹೇಳಿದಳು. ಡಬ್ಬಿ, ಮುಂಬಯಿಯವನು, ಕೊಲ್ಹಾಪುರದ ಗಡಿಯಾರ, ತನ್ನ ಕಾಗದ, ಒಂದನ್ನೂ ಬಿಡದೆ ಹೇಳಿದಳು. ಹಳೆಯ ಡಯಲ್ಲು ಇದ್ದಿದ್ದರೆ ಹಾಸ್ಟೆಲ್ಲಿಗೆ ಎರಡರಷ್ಟು ಹೋಗುತ್ತಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ. ಹೇಳುವಾಗ ಮುದುಕಿಯ ಮುಖ ನೋಡಲಾಗದೆ ಅವಳ ಕೈಯ ಸೊಪ್ಪಿನ ಕಟ್ಟನ್ನೇ ನೋಡುತ್ತಿದ್ದಳು.

ಕಾಶಿಬಾಯಿ ಸೊಪ್ಪಿನ ಕಟ್ಟನ್ನು ಬುಟ್ಟಿಗಿಟ್ಟಳು. ಆಮೇಲೆ ಹೇಳಿದಳು, "ನಿಮ್ಮಪ್ಪ ಕಳವು ಮಾಡ್ಯಾನ ಅಂತ ನಾ ಅನ್ನೂದಿಲ್ಲ. ಮಾಡಿಲ್ಲ ಅಂತ ಆಣಿ ಮಾಡಾಕೂ ನಾ ಅಲ್ಲಿ ಇದ್ದಿಲ್ಲ. ಇದ್ದಾಂವ ಒಬ್ಬ, ಅಂವ ಹ್ವಾದ. ನೀ ಬಂದು ಹೇಳಿದಿ, ನಾ ಕೇಳಿದೆ. ಗಡಿಯಾರ ಹೆಂಗೈತೋ ಹಂಗ ಬರದು ಕೊಡು."

ಕ್ಷಮೆಯೂ ಅಲ್ಲದ, ಆಪಾದನೆಯೂ ಅಲ್ಲದ ಆ ಮಾತನ್ನು ಹೊತ್ತುಕೊಂಡು ಆಕೆ ತಿರುಗಿ ಬಂದಳು. ಶುಕ್ರವಾರ ಮುಂಜಾನೆ ಅಪ್ಪನಿಗೆ ಹೇಳಿದಳು. ನಾಳೆ ವಿಶಾಲನ ಮುಂದೆ ಎಲ್ಲ ಬಿಚ್ಚಿಡುತ್ತೇನೆ, ಅವನ ಗಡಿಯಾರವನ್ನೂ ತರಹೇಳಿದ್ದೇನೆ ಎಂದಳು.

ಅಲ್ಲಾಬಕ್ಷನಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಮುಖ ಕೆಂಪಾಯಿತು. "ಚೀಟಿ ಇಲ್ಲದನ ಮಂದಿ ನನ್ನ ಕೈಯಾಗ ಬಂಗಾರ ಕೊಟ್ಟು ಹೋಗ್ಯಾರ. ಐವತ್ತ ವರ್ಷ. ಈಗ ನನ್ನ ಮಗಳ ನನ್ನ ಹೆಸರು ತಗದು ಓಣ್ಯಾಗ ಇಡತಾಳ."

"ನಾ ತಪ್ಪು ಬರದೇನಿ ಅಬ್ಬಾ. ಅದನ್ನ ಹೇಳಬೇಕಲ್ಲ."

"ನಿಂದು ಹೇಳು. ನಂದ್ಯಾಕ?"

ಅವನು ಮುಖ ತಿರುಗಿಸಿ, ಕೇಳದ ಕಿವಿಯನ್ನು ಆಕೆಯ ಕಡೆ ಮಾಡಿ ಕೂತ. ಆಕೆ ಹೊರಟಳು. ಸತ್ಯದ ಮೇಲಿನ ಪ್ರೀತಿಯಿಂದ ಇದನ್ನೆಲ್ಲ ಮಾಡುತ್ತಿದ್ದೇನೋ, ದುಬೈಯಲ್ಲಿ ಸಿಕ್ಕಿಬೀಳುವ ಹೆದರಿಕೆಯಿಂದಲೋ ಎಂದು ದಾರಿಯಲ್ಲಿ ತನ್ನನ್ನೇ ಕೇಳಿಕೊಂಡಳು. ಎರಡನ್ನೂ ಬೇರೆ ಮಾಡಲಾಗಲಿಲ್ಲ.

ಶನಿವಾರ ಹನ್ನೊಂದಕ್ಕೆ ವಿಶಾಲನ ಕಾರು ಓಣಿಯ ಬಾಯಲ್ಲಿ ನಿಂತಿತು. ಐವತ್ತರ ಹತ್ತಿರದ, ಗಟ್ಟಿ ಧ್ವನಿಯ, ಉತ್ಸಾಹದ ಮನುಷ್ಯ. ಕೂರುವ ಮೊದಲೇ ತನ್ನ 2417ರ ಪೆಟ್ಟಿಗೆ ಮೇಜಿನ ಮೇಲಿಟ್ಟ. "ಇದನ್ಯಾಕ ತರಸಿದ್ರಿ ಅಕ್ಕಾರ? ಜೋಡಿ ಹೊಂದಸ್ತೀರೇನು?"

ಆಕೆ ಶೇಡಬಾಳದ ಗಡಿಯಾರದ ಹಾಳೆಯನ್ನು ಮೊದಲು ಕೊಟ್ಟಳು. 'ಕೇಸು, ಮುಳ್ಳು, ಯಂತ್ರ ಹುಟ್ಟಿನವು. ಡಯಲ್ 1984ರಲ್ಲಿ ಬದಲಿಸಿದ್ದು.' ಅವನು ಓದಿ ತುಟಿ ಊದಿಸಿದ. ನಿರಾಸೆಯಾಗಿತ್ತು, ಸಿಟ್ಟಾಗಿರಲಿಲ್ಲ. ಆಮೇಲೆ ಆಕೆ, "ನಿಮ್ಮ ಗಡಿಯಾರಕ್ಕ ನಾ ಕೊಟ್ಟ ಕಾಗದ ತಪ್ಪೈತಿ" ಎಂದಳು.

ಅವನು ನಕ್ಕ. ಆಕೆ ನಗದಿದ್ದುದನ್ನು ನೋಡಿ ನಿಲ್ಲಿಸಿದ.

ಆ ಹೊತ್ತಿಗೆ ಬಾಗಿಲಲ್ಲಿ ನೆರಳಾಯಿತು. ಶಾಕೀರನ ತೋಳು ಹಿಡಿದು ಅಲ್ಲಾಬಕ್ಷ ಮೆಟ್ಟಿಲು ಹತ್ತುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಕರಿ ಟೊಪ್ಪಿಗೆ. ಮೂರು ವರ್ಷದಿಂದ ಅವನು ಅಂಗಡಿಗೆ ಕಾಲಿಟ್ಟಿರಲಿಲ್ಲ. ಗೋಡೆಗೆ ಒತ್ತಿದ್ದ ತನ್ನ ಹಳೆಯ ಸ್ಟೂಲಿನ ಮೇಲೆ ಕೂತ. ಅಪ್ಪ ಏನು ಮಾಡಲು ಬಂದಿದ್ದಾನೆಂದು ಆಕೆಗೆ ತಿಳಿಯಲಿಲ್ಲ.

"ಬಿಚ್ಚಲೇನ್ರಿ?" ಎಂದು ವಿಶಾಲನನ್ನು ಕೇಳಿದಳು.

"ಸೀಳಿದರ?"

"ಸೀಳಿದರ ನನ್ನ ಹೊಣಿ."

ಅವನು ತಲೆಯಾಡಿಸಿದ. ವಾಜಿದಾ ಮುಳ್ಳುಗಳನ್ನು ಒಂದೊಂದಾಗಿ ಎತ್ತಿದಳು. ಯಂತ್ರವನ್ನು ಕೇಸಿನಿಂದ ಹೊರತೆಗೆದು, ಡಯಲ್ಲಿನ ಕಾಲುಗಳನ್ನು ಹಿಡಿದಿದ್ದ ಎರಡು ತಿರುಪುಗಳನ್ನು ಸಡಿಲಿಸಿದಳು. ಎರಡನೆಯದು ಬರಲಿಲ್ಲ. ಕೈ ತೆಗೆದು, ಉಸಿರು ಬಿಟ್ಟು, ಮತ್ತೆ ಹಿಡಿದಳು. ಬಂತು. ಬೆರಳುಗುರಿನಷ್ಟು ತೆಳುವಾದ ಆ ಬಿಲ್ಲೆಯನ್ನು ಎತ್ತಿ ಕವುಚಿ, ಬಿಳಿ ಕಾಗದದ ಮೇಲಿಟ್ಟಳು.

ಹಿತ್ತಾಳೆಯ ಬೆನ್ನಿನ ಮೇಲೆ ಸಣ್ಣ ಗೀರುಗಳು. 'ಆರ್.ಎಸ್. 84'.

"ಇಲ್ಲಿ ತಾ" ಎಂದ ಅಲ್ಲಾಬಕ್ಷ. ಕಾಗದವನ್ನು ಆಕೆ ಅವನ ಮುಂದೆ ಹಿಡಿದಳು. ಪೊರೆ ತೆಗೆಸಿದ ಕಣ್ಣಿಗೆ ಗಾಜು ಒತ್ತಿ, ಬಗ್ಗಿ ನೋಡಿದ. ನೋಡಿ, ವಿಶಾಲನ ಕಡೆ ತಿರುಗಿದ.

"ಇದು ನನ್ನ ಕೈರಿ. ರಾವಸಾಹೇಬನ ಡಯಲ್ಲು. ಅವ ಒಗಿ ಅಂದ, ನಾ ಇಟಗೊಂಡೆ. ಇಟಗೊಂಡದ್ದನ್ನ ಮುಂದ ಮಾರಿದೆ. ಅವನ್ನ ಒಂದ ಮಾತು ಕೇಳಿ ಮಾರಬೇಕಾಗಿತ್ತು. ಅವ ಇನ್ನೂ ಇದ್ದ ಆಗ. ಕೇಳಲಿಲ್ಲ." ಉಸಿರು ತೆಗೆದುಕೊಂಡು ಮುಂದುವರಿಸಿದ, "ನನ್ನ ಮಗಳಿಗೆ ಇದು ಮಂಗಳವಾರದ ತನಕಾ ಗೊತ್ತಿದ್ದಿಲ್ಲ. ಇದನ್ನ ಹೇಳಾಕ ಬಂದೇನಿ."

ವಾಜಿದಾ ಅಪ್ಪನ ಮುಖ ನೋಡಿದಳು. ಅವನು ಆಕೆಯತ್ತ ನೋಡಲಿಲ್ಲ.

ವಿಶಾಲ ಕಾಗದದ ಮೇಲಿನ ಡಯಲ್ಲನ್ನು ನೋಡುತ್ತ ನಿಂತಿದ್ದ. "ಅಂದ್ರ ನನ್ನ ಗಡಿಯಾರ ಜೋಡಸಿದ್ದು" ಎಂದ ಕೊನೆಗೆ.

"ಹೌದ್ರಿ."

"ಐದು ವರ್ಷ ಎಲ್ಲಾರಿಗೂ ತೋರಿಸೇನಿ ಅಕ್ಕಾರ. ನಿಪ್ಪಾಣಿ ಬಾಯಿ ನೋಡ್ಯಾಳ ಅಂತ ಹೇಳಿ ತೋರಿಸೇನಿ."

"ನಾ ಬಿಚ್ಚಬೇಕಾಗಿತ್ತು. ನೀವು ಬ್ಯಾಡ ಅಂದ್ರೂ, ಬಿಚ್ಚಿ ನೋಡದನ ಕಾಗದ ಬರೀಬಾರದಿತ್ತು. ತಪ್ಪು ನಂದ."

ಅವನು ಜಗಳಾಡಲಿಲ್ಲ. ಜಗಳಾಡಿದ್ದರೆ ಚೆನ್ನಾಗಿತ್ತು ಎಂದು ಆಕೆಗೆ ಆಮೇಲೆ ಎಷ್ಟೋ ಸಲ ಅನಿಸಿತು. ಗಡಿಯಾರವನ್ನು ಮತ್ತೆ ಜೋಡಿಸಿಕೊಡಲು ಹೇಳಿದ. ಆಕೆ ಜೋಡಿಸುವ ಮುಕ್ಕಾಲು ತಾಸು ಓಣಿಯಲ್ಲಿ ನಿಂತು ಫೋನಿನಲ್ಲಿ ದುಬೈಯ ಹರಾಜು ರದ್ದು ಮಾಡಿಸಿದ. ಹಳೆಯ ಕಾಗದವನ್ನು ಕಿಸೆಯಿಂದ ತೆಗೆದು ಮೇಜಿನ ಮೇಲಿಟ್ಟ. ಆಕೆ ಅದರ ಮೇಲೆ 'ರದ್ದು' ಎಂದು ಬರೆದು, ಹೊಸದು ಬರೆದುಕೊಟ್ಟಳು. ಶೇಡಬಾಳದ ಗಡಿಯಾರ ಬೇಡವೆಂದು ಹೇಳಿ ಹೋದ.

ಹನ್ನೆರಡು ವರ್ಷದಲ್ಲಿ ತಿರುಗಿ ಬಂದ ಮೊದಲ ಹಾಳೆ ಅದು. ಸುದ್ದಿ ಹಬ್ಬಲು ನಾಲ್ಕು ದಿನವೂ ಹಿಡಿಯಲಿಲ್ಲ. ಪುಣೆಯ ಇಬ್ಬರು ಕಳಿಸುತ್ತೇವೆಂದ ಗಡಿಯಾರ ಕಳಿಸಲಿಲ್ಲ. ಮುಂಬಯಿಯ ಒಬ್ಬ ಫೋನು ಮಾಡಿ, 2017ರಲ್ಲಿ ನನಗೆ ಕೊಟ್ಟದ್ದೂ ಹೀಗೇ ಏನು ಎಂದು ಕೇಳಿದ. ಆಕೆ ಹತ್ತೊಂಬತ್ತು ನೋಟುಬುಕ್ಕುಗಳನ್ನೂ ಮೊದಲಿನಿಂದ ತಿರುವಿ, ಡಯಲ್ ಬಿಚ್ಚದೆ ಬರೆದುಕೊಟ್ಟ ಗಡಿಯಾರಗಳ ಪಟ್ಟಿ ಮಾಡಿದಳು. ಮೂವತ್ತೊಂದು ಇದ್ದವು. ಒಬ್ಬೊಬ್ಬರಿಗೂ ಫೋನು ಮಾಡಿ, ಬಿಚ್ಚಿ ನೋಡಬೇಕು, ತಂದುಕೊಡ್ರಿ, ಕೂಲಿ ಬೇಡ ಎಂದಳು. ಹನ್ನೊಂದು ಮಂದಿ ತಂದರು. ಹತ್ತು ಸರಿಯಿದ್ದವು. ಒಂದು ಸರಿಯಿರಲಿಲ್ಲ. ಅದನ್ನೂ ಬರೆದುಕೊಟ್ಟಳು.

ಶೇಡಬಾಳದ ಗಡಿಯಾರವನ್ನು ಏಪ್ರಿಲ್ಲಿನಲ್ಲಿ ರಾಯಬಾಗದ ಒಬ್ಬ ಡಾಕ್ಟರು ಕೊಂಡರು. ಸಂಗ್ರಹಿಸಲು ಅಲ್ಲ, ಕಟ್ಟಿಕೊಳ್ಳಲು. ಬ್ರಾಹ್ಮಿ ಫೋನಿನಲ್ಲಿ ಹೇಳಿದಳು, ಹಾಸ್ಟೆಲ್ಲಿಗೆ ಅಂದುಕೊಂಡದ್ದಕ್ಕಿಂತ ಕಡಿಮೆ ಹೋಯಿತು, ಆದರೂ ನೀರಿನ ಟಾಕಿ ಆಗುತ್ತದೆ ಎಂದು. ಆಯಿ ನಿಮ್ಮನ್ನು ಕೇಳಿದಳು ಎಂದೂ ಹೇಳಿದಳು.

ಅಪ್ಪ ಮತ್ತು ಮಗಳ ನಡುವೆ ಆ ವಿಷಯ ಮತ್ತೆ ಬರಲಿಲ್ಲ. ರಾವಸಾಹೇಬ 'ಒಗಿ' ಎಂದದ್ದು ನಿಜವೇ ಎಂದು ಆಕೆ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆದರೆ ಅಲ್ಲಾಬಕ್ಷ ವಾರಕ್ಕೊಮ್ಮೆ ಅಂಗಡಿಗೆ ಬರತೊಡಗಿದ. ಸ್ಟೂಲಿನ ಮೇಲೆ ಕೂತು, ಬಂದ ಗಡಿಯಾರವನ್ನು ಅಂಗೈಯಲ್ಲಿ ತೂಗಿ, ಇದು ಇಂಥವರ ಮನೆಯದು, ಇಂಥ ವರ್ಷ ತಂದಿದ್ದರು ಎಂದು ಹೇಳುತ್ತಾನೆ. ಕೆಲವು ಸರಿ, ಕೆಲವು ತಪ್ಪು. ಆಕೆ ಎಲ್ಲವನ್ನೂ ಬರೆದುಕೊಳ್ಳುತ್ತಾಳೆ. ಪಕ್ಕದಲ್ಲಿ 'ನೋಡಬೇಕು' ಎಂದು ಗುರುತು ಹಾಕುತ್ತಾಳೆ.

ಜುಲೈಯ ಒಂದು ಮಧ್ಯಾಹ್ನ ವಿಶಾಲನ ಡ್ರೈವರ್ ಸುರಜ ಬಂದ. ಮೂರು ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟು, "ಸಾಹೇಬರು ಕೊಟ್ಟಾರ್ರಿ. ಬಿಚ್ಚಿ ನೋಡಾಕ ಹೇಳ್ಯಾರ" ಎಂದ.

"ಮತ್ತೇನಾರ ಅಂದಾರೇನು?"

"ಇಲ್ರಿ. ಇಷ್ಟ."

ವಾಜಿದಾ ಮೊದಲ ಪೆಟ್ಟಿಗೆ ತೆರೆದಳು. ಉದ್ದಬಾಲದ ಅಕ್ಷರ, ಎಲೆಮುಳ್ಳು, ನೋಡಲು ಎಲ್ಲ ಸರಿಯಾಗಿಯೇ ಇತ್ತು. ಆಕೆ ಅದನ್ನು ನಂಬಲಿಲ್ಲ. "ನಾಳಿಗೆ ಆಗೂದಿಲ್ಲ ಅಂತ ಹೇಳು" ಎಂದಳು. "ಎಂಟು ದಿವಸ ಬೇಕು."

ಸುರಜ ಹೋದ. ಆಕೆ ಕೈ ತೊಳೆದು ಒರೆಸಿಕೊಂಡು, ದೀಪವನ್ನು ಹತ್ತಿರ ಎಳೆದು, ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡಳು.